ತಲೆಯೆಣಿಕೆಯ ಗೆರೆ: ಸಣ್ಣ ಕಾರ್ಖಾನೆಗಳಲ್ಲಿ ಕಾರ್ಮಿಕರ ಸುರಕ್ಷತೆ ನಡೆದುಬಂದ ದಾರಿ

ಭಾರತದ ಕಾರ್ಖಾನೆ ಕಾನೂನಿನ ಇತಿಹಾಸವನ್ನು ಒಂದು ಸಂಖ್ಯೆಯ ಇಳಿಕೆ ಏರಿಕೆಗಳಲ್ಲಿ ಓದಿಕೊಳ್ಳಬಹುದು. 1881ರಲ್ಲಿ 100, 1891ರಲ್ಲಿ 50, 1922ರಲ್ಲಿ 20, 1948ರಲ್ಲಿ 10, 2020ರಲ್ಲಿ ಮತ್ತೆ 20. ಯಂತ್ರಶಕ್ತಿಯಿಂದ ನಡೆಯುವ ಕೆಲಸದ ಜಾಗದಲ್ಲಿ ಕನಿಷ್ಠ ಎಷ್ಟು ಮಂದಿ ದುಡಿಯುತ್ತಿದ್ದರೆ ಕಾನೂನು ಅದನ್ನು ಕಾರ್ಖಾನೆ ಎಂದು ಒಪ್ಪಿಕೊಳ್ಳುತ್ತದೆ ಎಂಬುದನ್ನು ಈ ಅಂಕಿಗಳು ತಿಳಿಸುತ್ತವೆ. ಗೆರೆಯ ಒಳಗಿದ್ದವರಿಗೆ ಯಂತ್ರದ ರಕ್ಷಣಾ ಕವಚ, ಕೆಲಸದ ಅವಧಿಯ ಮಿತಿ, ಪರಿವೀಕ್ಷಕರ ಭೇಟಿ, ಅಪಘಾತವಾದರೆ ವರದಿ, ಇವೆಲ್ಲ ಹಕ್ಕಾಗಿ ದೊರೆತವು. ಹೊರಗಿದ್ದವರು ಮಾಲೀಕನ ವಿವೇಕವನ್ನೂ ತಮ್ಮ ಎಚ್ಚರವನ್ನೂ ನಂಬಿ ದುಡಿಯಬೇಕಾಯಿತು. ಹಲ್ಲುಗಾಲಿಗೆ ಸಿಕ್ಕಿದ ಕೈ ನೂರು ಮಂದಿಯ ಗಿರಣಿಯದ್ದೋ ಆರು ಮಂದಿಯ ಶೆಡ್ಡಿನದ್ದೋ ಎಂಬುದರಿಂದ ಗಾಯದ ಆಳ ಬದಲಾಗುವುದಿಲ್ಲವಾದರೂ, ಒಂದೂವರೆ ಶತಮಾನದ ಉದ್ದಕ್ಕೂ ಕಾನೂನು ಮೊದಲು ಕೇಳಿದ್ದು ತಲೆಗಳ ಲೆಕ್ಕವನ್ನೇ. ಈ ಎಣಿಕೆ ಏಕೆ ಹುಟ್ಟಿತು, ಅದು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾರ್ಮಿಕರನ್ನು ಹೇಗೆ ಹೊರಗಿಟ್ಟಿತು, ಎಣಿಕೆಯನ್ನು ಬದಿಗಿಟ್ಟ ಯಾವ ಯಾವ ಕ್ರಮಗಳು ಅವರನ್ನು ನಿಜವಾಗಿ ತಲುಪಿದವು ಎಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಿರಣಿಗಳ ಕಾಲದ ಕಾನೂನು

ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಬೊಂಬಾಯಿಯಲ್ಲಿ ಹತ್ತಿ ಗಿರಣಿಯ ಕಂಪನಿಯನ್ನು ಸ್ಥಾಪಿಸಿದ ಮೇಲೆ, ಇಪ್ಪತ್ತೇ ವರ್ಷಗಳಲ್ಲಿ ಆ ನಗರ ಗಿರಣಿಗಳ ನಗರವಾಯಿತು. ಗಿರಣಿಯ ಮೂಲೆಯಲ್ಲಿ ಒಂದು ದೊಡ್ಡ ಉಗಿ ಯಂತ್ರವಿದ್ದು, ಅದರ ಬಲ ಚಾವಣಿಯ ಉದ್ದಕ್ಕೂ ಹಾಯ್ದ ಉಕ್ಕಿನ ದಂಡಕ್ಕೆ, ಅಂದರೆ ಲೈನ್ ಶಾಫ್ಟಿಗೆ, ಅಲ್ಲಿಂದ ಚರ್ಮದ ಪಟ್ಟಿಗಳ ಮೂಲಕ ಕೆಳಗಿನ ನೂರಾರು ಯಂತ್ರಗಳಿಗೆ ಹರಿಯುತ್ತಿತ್ತು. ಒಂದು ಯಂತ್ರದಲ್ಲಿ ಅಪಾಯವಾದಾಗ ಅದೊಂದನ್ನೇ ತಕ್ಷಣ ನಿಲ್ಲಿಸುವುದು ಸುಲಭವಿರಲಿಲ್ಲ. ಓಡುತ್ತಿರುವ ಪಟ್ಟಿಗೆ ಧೋತರದ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಮನುಷ್ಯನನ್ನು ಶಾಫ್ಟಿನವರೆಗೂ ಎಳೆದೊಯ್ಯುವಷ್ಟು ಬಲ ಅದಕ್ಕಿತ್ತು. ಬ್ರಿಟನ್ನಿನ ಕಾರ್ಖಾನೆ ಕಾನೂನು 1833ರಲ್ಲಿ ಪರಿವೀಕ್ಷಕರನ್ನು ನೇಮಿಸಿ, 1844ರಲ್ಲಿ ಯಂತ್ರಗಳಿಗೆ ಬೇಲಿ ಕಟ್ಟುವುದನ್ನು ಕಡ್ಡಾಯ ಮಾಡಿದ್ದು ಇಂಥ ಅಪಘಾತಗಳನ್ನು ಕಂಡ ಮೇಲೆಯೇ.

ಭಾರತದಲ್ಲಿ ಅಂಥ ಕಾನೂನಿನ ಒತ್ತಾಯ ಎರಡು ಕಡೆಯಿಂದ ಬಂತು. ಕಡಿಮೆ ಕೂಲಿಗೆ ಹೆಚ್ಚು ಹೊತ್ತು ನಡೆಯುತ್ತಿದ್ದ ಬೊಂಬಾಯಿಯ ಗಿರಣಿಗಳು ಲ್ಯಾಂಕಾಷೈರಿನ ಗಿರಣಿ ಮಾಲೀಕರಿಗೆ ಪೈಪೋಟಿಯಾಗಿ ಕಂಡವು. ಲಾರ್ಡ್ ಶಾಫ್ಟ್ಸ್‌ಬರಿ 1875ರಲ್ಲಿ ಬ್ರಿಟನ್ನಿನ ಮೇಲ್ಮನೆಯಲ್ಲಿ ಈ ವಿಷಯ ಎತ್ತಿದರು. ಇತ್ತ ಬೊಂಬಾಯಿಯವರೇ ಆದ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಗಿರಣಿಗಳಲ್ಲಿ ದುಡಿಯುವ ಮಕ್ಕಳ ಮತ್ತು ಹೆಂಗಸರ ಸ್ಥಿತಿಗೆ ಮರುಗಿ 1878ರಲ್ಲಿ ಒಂದು ಮಸೂದೆಯನ್ನೇ ಸಿದ್ಧಪಡಿಸಿದರು. ಸ್ವಾರ್ಥವೂ ಕರುಣೆಯೂ ಒಟ್ಟಿಗೆ ದುಡಿದ ಫಲವಾಗಿ, ಲಾರ್ಡ್ ರಿಪ್ಪನ್ನನ ಆಡಳಿತದಲ್ಲಿ 1881ರ ಭಾರತೀಯ ಕಾರ್ಖಾನೆ ಕಾಯಿದೆ ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಅವರಿಗೆ ತಿಂಗಳಿಗೆ ನಾಲ್ಕು ರಜೆ ಕೊಡಬೇಕು, ಅಪಾಯಕಾರಿ ಯಂತ್ರಭಾಗಗಳಿಗೆ ಬೇಲಿ ಇರಬೇಕು, ಅಪಘಾತಗಳನ್ನು ವರದಿ ಮಾಡಬೇಕು ಎಂಬುವು ಅದರ ಮುಖ್ಯ ವಿಧಿಗಳು.

ಈ ಕಾಯಿದೆ ಅನ್ವಯಿಸಿದ್ದು ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಮಂದಿ ದುಡಿಯುವ, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನಡೆಯುವ ಸ್ಥಾವರಗಳಿಗೆ ಮಾತ್ರ. ಪ್ರತ್ಯೇಕ ಪರಿವೀಕ್ಷಕರನ್ನು ನೇಮಿಸದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟನೇ ಪರಿವೀಕ್ಷಕನಾಗಬೇಕಿತ್ತು. ಕಂದಾಯ, ಶಾಂತಿಪಾಲನೆ, ಬರಗಾಲದ ಕೆಲಸಗಳ ನಡುವೆ ಅವನು ನೋಡಿ ಮುಗಿಸಬಹುದಾದಷ್ಟು ಗಿರಣಿಗಳಿಗೇ ಕಾನೂನು ಸೀಮಿತವಾಯಿತು. ನೂರು ಎಂಬ ಅಂಕಿ ಅಪಾಯವನ್ನು ಅಳೆದು ಕಂಡುಕೊಂಡ ಅಂಕಿಯಲ್ಲ, ಸರ್ಕಾರದ ಕೈ ಎಷ್ಟು ದೂರ ಚಾಚಬಲ್ಲದು ಎಂಬುದರ ಅಂದಾಜು. ಈ ಮೂಲವನ್ನು ಮರೆತರೆ ಮುಂದಿನ ಚರ್ಚೆಗಳೆಲ್ಲ ದಾರಿ ತಪ್ಪುತ್ತವೆ. ಸುಗ್ಗಿಯ ಕೆಲವೇ ತಿಂಗಳು ಹಗಲಿರುಳೆನ್ನದೆ ಓಡುವ ಹತ್ತಿ ಬಿಡಿಸುವ ಜಿನ್ನುಗಳು ಯಂತ್ರದ ಹಲ್ಲಿನ ಪಕ್ಕದಲ್ಲೇ ಕೈಯಾಡಿಸಬೇಕಾದ ಜಾಗಗಳಾಗಿದ್ದರೂ, ಕಾಲಮಿತಿಯ ಕಾರಣದಿಂದ ಎಷ್ಟೋ ಜಿನ್ನುಗಳು ಕಾಯಿದೆಯಿಂದ ತಪ್ಪಿಸಿಕೊಂಡವು.

ಇಂದಿನ ಕರ್ನಾಟಕದ ಭೂಭಾಗ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಬೊಂಬಾಯಿ ಪ್ರಾಂತ್ಯದಲ್ಲಿಯೂ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿಯೂ ಇದ್ದುದರಿಂದ ಬ್ರಿಟಿಷ್ ಭಾರತದ ಕಾಯಿದೆಗಳು ಅಲ್ಲಿಗೆ ನೇರವಾಗಿ ಅನ್ವಯಿಸಿದವು. ಮೈಸೂರು ಸಂಸ್ಥಾನ ತನ್ನ ಕಾನೂನುಗಳನ್ನು ತಾನೇ ಮಾಡಿಕೊಳ್ಳಬೇಕಿತ್ತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯನ್ನು ನೋಡಿ ನೇತ್ರಾವತಿಯ ದಡದಲ್ಲಿ ಹಲವಾರು ಹೆಂಚಿನ ಕಾರ್ಖಾನೆಗಳು ತಲೆಯೆತ್ತಿದವು. ಬೆಂಗಳೂರಿನ ಬಟ್ಟೆ ಗಿರಣಿಗಳು 1880ರ ದಶಕದಲ್ಲಿ ಬಂದವು. ದೊಡ್ಡ ಗಿರಣಿ ಕಾನೂನಿನ ಕಣ್ಣಿಗೆ ಬಿದ್ದಂತೆ ಅದರ ಸುತ್ತಲಿನ ಅಕ್ಕಿ ಗಿರಣಿ, ಗಾಣ, ಕಮ್ಮಾರಸಾಲೆ, ಹದಗಾರಿಕೆಗಳು ಬೀಳಲಿಲ್ಲ.

ವಿದ್ಯುತ್ತು ಬಂದ ಮೇಲೆ

ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ, ವಾರದ ರಜೆಯನ್ನೂ ಗಾಯಗೊಂಡವರಿಗೆ ನೆರವನ್ನೂ ಕೇಳುವ ಮನವಿಗೆ ಸಾವಿರಾರು ಮಂದಿಯ ಸಹಿ ಪಡೆದ ಮೇಲೆ ಸರ್ಕಾರ ಮತ್ತೆ ಅಲುಗಿತು. 1891ರ ಕಾಯಿದೆ ಗೆರೆಯನ್ನು 50ಕ್ಕೆ ಇಳಿಸಿ, ಅಗತ್ಯ ಕಂಡರೆ 20 ಮಂದಿಯ ಜಾಗಗಳಿಗೂ ವಿಸ್ತರಿಸುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತು.

ಆದರೆ ಸಣ್ಣ ಕಾರ್ಖಾನೆಯ ಪ್ರಶ್ನೆ ಬೇರೊಂದು ಸ್ವರೂಪ ತಾಳಿದ್ದು ವಿದ್ಯುತ್ತಿನಿಂದ. ಉಗಿ ಯಂತ್ರವನ್ನು ಇಡಲು ಬಂಡವಾಳ, ಕಟ್ಟಡ, ಕಲ್ಲಿದ್ದಲು ಬೇಕಾಗಿದ್ದುದರಿಂದ ಯಂತ್ರಶಕ್ತಿಯಿದ್ದ ಕಡೆ ಬಹುತೇಕ ಹೆಚ್ಚು ಜನರೂ ಇರುತ್ತಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ ತಲುಪಿತು. ಮುಂದಿನ ದಶಕಗಳಲ್ಲಿ ಬೆಂಗಳೂರಿನ ಪೇಟೆಗಳಲ್ಲಿಯೂ ಸಂಸ್ಥಾನದ ಪಟ್ಟಣಗಳಲ್ಲಿಯೂ ಸಣ್ಣ ಮೋಟಾರು ಮನೆಯ ಹಜಾರಕ್ಕೇ ಬಂದು ಕೂತಿತು. ಹಿಟ್ಟಿನ ಗಿರಣಿ, ಮುದ್ರಣಾಲಯ, ಮರ ಕೊಯ್ಯುವ ಗರಗಸ, ಲೇತು, ವಿದ್ಯುತ್ ಮಗ್ಗ ಎಲ್ಲವೂ ಮೂರು ನಾಲ್ಕು ಮಂದಿಯಿಂದಲೇ ನಡೆಯುವಂತಾದವು. ಅಪಾಯ ಸಣ್ಣ ಜಾಗಕ್ಕೆ ಸರಿದಷ್ಟು ಬೇಗ ಕಾನೂನು ಸರಿಯಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಸ್ಥಾಪನೆಯಾಗಿ ಭಾರತ ಅದರ ಸದಸ್ಯನಾದ ಮೇಲೆ, 1922ರ ತಿದ್ದುಪಡಿ ಗೆರೆಯನ್ನು 20ಕ್ಕೆ ತಂದಿತು. ಹತ್ತು ಮಂದಿಯ ಜಾಗಗಳನ್ನು ಸೇರಿಸಿಕೊಳ್ಳುವುದು ಪ್ರಾಂತೀಯ ಸರ್ಕಾರಗಳ ಇಚ್ಛೆಗೆ ಬಿಟ್ಟಿದ್ದಾಗಿತ್ತು.

1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ, ಅಂದರೆ ಕಾರ್ಮಿಕರ ಕುರಿತ ರಾಯಲ್ ಆಯೋಗ, ಕಾಯಿದೆಯ ಹೊರಗಿದ್ದ ಈ ಲೋಕವನ್ನು ಮೊದಲ ಬಾರಿಗೆ ಗಂಭೀರವಾಗಿ ನೋಡಿತು. ಬೀಡಿ ಕಟ್ಟುವ ಕೊಠಡಿ, ಚರ್ಮ ಹದ ಮಾಡುವ ತೊಟ್ಟಿ, ಅಭ್ರಕ ಸೀಳುವ ಮತ್ತು ಅರಗು ಕಾಯಿಸುವ ಶೆಡ್ಡು, ರತ್ನಗಂಬಳಿ ನೇಯುವ ಮಗ್ಗ, ಇವುಗಳಲ್ಲಿ ಎಳೆಯ ಮಕ್ಕಳು ಬೆಳಕು ಗಾಳಿಯಿಲ್ಲದೆ ದುಡಿಯುತ್ತಿರುವುದನ್ನು ದಾಖಲಿಸಿ, ಸಣ್ಣ ಕಾರ್ಖಾನೆಗಳಿಗೆ ಪ್ರತ್ಯೇಕವಾದ, ಸರಳವಾದ ಕಾನೂನು ಬೇಕೆಂದು ಅದು ಶಿಫಾರಸು ಮಾಡಿತು. ದೊಡ್ಡ ಗಿರಣಿಗೆ ಬರೆದ ನಿಯಮಗಳನ್ನೆಲ್ಲ ಸಣ್ಣದರ ಮೇಲೆ ಹೇರದೆ, ಅದಕ್ಕೆ ಅತ್ಯಗತ್ಯವಾದ ಕೆಲವನ್ನು ಆಯ್ದು ಖಚಿತವಾಗಿ ಜಾರಿ ಮಾಡುವುದು ಆ ಶಿಫಾರಸಿನ ತಿರುಳು. 1934ರ ಕಾಯಿದೆಯಲ್ಲಿ 20ರ ಗೆರೆಯೇ ಮುಂದುವರಿಯಿತು. ಸಣ್ಣ ಕಾರ್ಖಾನೆಗಳ ಪ್ರತ್ಯೇಕ ಕಾನೂನು ಬರಲಿಲ್ಲ.

ಬೆರಳಿಗೆ ಕಟ್ಟಿದ ಬೆಲೆ

ಅಪಘಾತವನ್ನು ತಡೆಯುವ ಕಾನೂನಿನ ಜೊತೆಜೊತೆಗೆ ಅಪಘಾತವಾದ ಮೇಲೆ ಪರಿಹಾರ ಕೊಡಿಸುವ ಕಾನೂನೂ ಬೆಳೆಯಿತು. 1923ರಲ್ಲಿ ಬಂದು 1924ರ ಜುಲೈ 1ರಿಂದ ಜಾರಿಯಾದ ಕಾರ್ಮಿಕರ ಪರಿಹಾರ ಕಾಯಿದೆಗೆ ಮುನ್ನ, ಗಾಯಗೊಂಡ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಿತ್ತು. ಸಹ ಕಾರ್ಮಿಕನ ಅಜಾಗರೂಕತೆಯಿಂದ ಆಯಿತೆಂದು ತೋರಿಸಿ ಮಾಲೀಕ ತಪ್ಪಿಸಿಕೊಳ್ಳಬಹುದಿತ್ತು. ಕೆಲಸದಿಂದ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ತಪ್ಪು ಯಾರದೆಂದು ಕೇಳದೆಯೇ ಪರಿಹಾರ ಸಲ್ಲಬೇಕೆಂಬ ತತ್ತ್ವವನ್ನು ಈ ಕಾಯಿದೆ ತಂದಿತು. ಕಾಯಂ ಅಂಗಹಾನಿಗೆ ಗಳಿಕೆಯ ಸಾಮರ್ಥ್ಯದ ನಷ್ಟವನ್ನು ಶೇಕಡಾವಾರು ಹೇಳುವ ಒಂದು ಪಟ್ಟಿ ಅದರ ಜೊತೆಗಿತ್ತು. ಇತ್ತೀಚಿನವರೆಗೂ ನ್ಯಾಯಾಲಯಗಳು ಬಳಸಿದ ಆ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50, ಎರಡೂ ಕೈಗಳಿಗೆ ಶೇ. 100 ಎಂದಿತ್ತು. ಉಪಕರಣವನ್ನು ಹಿಡಿಯಲು ಹೆಬ್ಬೆರಳು ಬೇಕೇ ಬೇಕಾದ್ದರಿಂದ ಅದಕ್ಕೆ ಉಳಿದ ಬೆರಳುಗಳ ದುಪ್ಪಟ್ಟಿಗೂ ಮಿಗಿಲಾದ ಬೆಲೆ. ಅಕ್ಕಸಾಲಿಗನಿಗೆ, ಅಚ್ಚು ಜೋಡಿಸುವವನಿಗೆ, ಲೇತಿನ ಮೇಲೆ ನೂಲೆಳೆಯಷ್ಟು ಅಳತೆ ಕಾಯುವವನಿಗೆ ತೋರುಬೆರಳಿನ ತುದಿ ಹೋಗುವುದೆಂದರೆ ಕಸುಬೇ ಹೋದಂತೆ ಎಂಬುದು ಶೇಕಡಾ ಲೆಕ್ಕದಲ್ಲಿ ಮೂಡುವುದಿಲ್ಲ.

ಈ ಹೊರೆಯನ್ನು ಒಬ್ಬೊಬ್ಬ ಮಾಲೀಕನಿಂದ ಸಾಮೂಹಿಕ ನಿಧಿಗೆ ವರ್ಗಾಯಿಸಿದ್ದು 1948ರ ನೌಕರರ ರಾಜ್ಯ ವಿಮಾ ಕಾಯಿದೆ. ಬಿ.ಪಿ. ಅಡಾರ್ಕರ್ 1944ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, ಕೊಟ್ಟ ವರದಿ ಇದಕ್ಕೆ ತಳಹದಿ. ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಆರಂಭವಾಗಿ, 1958ರಲ್ಲಿ ಕರ್ನಾಟಕಕ್ಕೆ ಬಂತು. ಜನರ ಬಾಯಲ್ಲಿ ‘ಇಎಸ್‌ಐ’ ಎಂದೇ ನೆಲೆಯಾದ ಈ ವ್ಯವಸ್ಥೆ ಲಕ್ಷಾಂತರ ಕುಟುಂಬಗಳಿಗೆ ಆಸ್ಪತ್ರೆಯ ಬಾಗಿಲು ತೆರೆದದ್ದು ನಿಜ. ಅದಕ್ಕೂ ತನ್ನದೇ ಎಣಿಕೆಯ ಗೆರೆಯಿತ್ತು: ಮೊದಲಿಗೆ ಯಂತ್ರಶಕ್ತಿ ಬಳಸುವ 20 ಮಂದಿಯ ಕಾರ್ಖಾನೆಗಳು, 1989ರ ತಿದ್ದುಪಡಿಯ ನಂತರ 10 ಮಂದಿಯವು. ಇದಕ್ಕಿಂತ ಸೂಕ್ಷ್ಮವಾದ ಕೊರತೆ ವಂತಿಗೆಯ ಲೆಕ್ಕದಲ್ಲಿದೆ. ಯಂತ್ರಗಳಿಗೆ ಗಾರ್ಡು ಹಾಕಿಸಿ ಅಪಘಾತವೇ ಆಗದಂತೆ ನೋಡಿಕೊಳ್ಳುವ ಮಾಲೀಕನೂ, ವರ್ಷಕ್ಕೊಬ್ಬರ ಬೆರಳು ಹೋದರೂ ಲೆಕ್ಕಿಸದ ಮಾಲೀಕನೂ ಸಂಬಳದ ಮೇಲೆ ಒಂದೇ ದರದ ವಂತಿಗೆ ಕಟ್ಟುವುದರಿಂದ, ಸುರಕ್ಷತೆಗೆ ಖರ್ಚು ಮಾಡುವವನಿಗೆ ನಿಧಿಯಿಂದ ಯಾವ ಉತ್ತೇಜನವೂ ಇಲ್ಲ. ಪರಿಹಾರದ ಕಾನೂನು ಗಾಯಗೊಂಡವನ ಕೈ ಹಿಡಿಯಿತು, ಗಾಯವನ್ನು ತಡೆಯುವ ಕೆಲಸ ಅದರಿಂದ ಆಗಲಿಲ್ಲ.

ಹತ್ತರ ಗೆರೆ, ಒಂಬತ್ತು ಮಂದಿಯ ಶೆಡ್ಡು

ಡಿ.ವಿ. ರೇಗೆ ಅಧ್ಯಕ್ಷತೆಯ ಕಾರ್ಮಿಕ ತನಿಖಾ ಸಮಿತಿ 1944ರಿಂದ 1946ರವರೆಗೆ ದೇಶದ ಉದ್ಯಮಗಳನ್ನು ಪರಿಶೀಲಿಸಿದ ಬೆನ್ನಿಗೆ, ಸ್ವತಂತ್ರ ಭಾರತ 1948ರ ಕಾರ್ಖಾನೆ ಕಾಯಿದೆಯನ್ನು ರೂಪಿಸಿ 1949ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಯಂತ್ರಶಕ್ತಿ ಇದ್ದರೆ 10, ಇಲ್ಲದಿದ್ದರೆ 20 ಮಂದಿ ಎಂಬ ಗೆರೆ ಎಲ್ಲ ಪ್ರಾಂತ್ಯಗಳಿಗೂ ಸಮಾನವಾಯಿತು. ಕಾಲಿಕ ಮತ್ತು ವರ್ಷಪೂರ್ತಿ ಕಾರ್ಖಾನೆಗಳ ಭೇದ ಹೋಯಿತು. ಚಲಿಸುವ ಯಂತ್ರಭಾಗಗಳಿಗೆ ಭದ್ರವಾದ ಕವಚ, ಓಡುವ ಯಂತ್ರದ ಬಳಿ ಮೈಗಂಟಿದ ಉಡುಪು ತೊಟ್ಟ ತರಬೇತಾದ ಕಾರ್ಮಿಕನಿಗಷ್ಟೇ ಅವಕಾಶ, ಅಪಾಯಕಾರಿ ಯಂತ್ರಗಳ ಮೇಲೆ ಎಳೆಯರ ನೇಮಕಕ್ಕೆ ನಿರ್ಬಂಧ, ಧೂಳು ಹೊಗೆಗಳ ನಿವಾರಣೆ, ಇವೆಲ್ಲ ವಿವರವಾಗಿ ಬಂದವು. 85ನೆಯ ಪ್ರಕರಣ, ಹತ್ತಕ್ಕಿಂತ ಕಡಿಮೆ ಮಂದಿಯಿರುವ ಜಾಗವನ್ನೂ ಕಾರ್ಖಾನೆಯೆಂದು ಘೋಷಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ಕರ್ನಾಟಕ ಕಾರ್ಖಾನೆ ನಿಯಮಗಳು 1969ರಲ್ಲಿ ಬಂದವು.

ಇದೇ ಅವಧಿಯಲ್ಲಿ ಬೆಂಗಳೂರಿನ ಕೈಗಾರಿಕಾ ಸ್ವರೂಪ ಬದಲಾಯಿತು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಉದ್ದಿಮೆಗಳು ಮೊದಲು ರಾಜಾಜಿನಗರದ ಕೈಗಾರಿಕಾ ವಸಾಹತುವಿನಲ್ಲಿ, 1970ರ ದಶಕದಿಂದ ಪೀಣ್ಯದಲ್ಲಿ ನೆಲೆಯೂರಿದವು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತವರು ಹೊರಬಂದು ಒಂದು ಲೇತು, ಒಂದು ಮಿಲ್ಲಿಂಗ್ ಯಂತ್ರ ಕೊಂಡು ಶೆಡ್ಡು ತೆರೆದದ್ದು ಈ ಬೆಳವಣಿಗೆಯ ಹೆಮ್ಮೆಯ ಮುಖ. ಇನ್ನೊಂದು ಮುಖವೂ ಇದೆ. 1976ರ ತಿದ್ದುಪಡಿ ಸಾವಿರ ಅಥವಾ ಹೆಚ್ಚು ಮಂದಿಯ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯನ್ನು ಕಡ್ಡಾಯ ಮಾಡಿತು. ಆ ಕಾರ್ಖಾನೆ ತನ್ನ ಕೆಲಸವನ್ನು ಹೊರಗೆ ಕೊಟ್ಟಾಗ, ಕೆಲಸದ ಜೊತೆಗೆ ಅದರ ಅಪಾಯವೂ ಹೊರಗೆ ಹೋಯಿತು. ಸುರಕ್ಷತಾ ಅಧಿಕಾರಿ ಹೋಗಲಿಲ್ಲ.

ಪವರ್ ಪ್ರೆಸ್ಸನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ತಗಡನ್ನು ಕತ್ತರಿಸಿ ಆಕಾರ ಕೊಡುವ ಈ ಯಂತ್ರದ ಪಕ್ಕದಲ್ಲಿ ಭಾರವಾದ ಚಕ್ರವೊಂದು ಮೋಟಾರಿನ ಬಲದಿಂದ ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಕಾರ್ಮಿಕ ತಗಡಿನ ತುಂಡನ್ನು ಡೈ ಎಂಬ ಅಚ್ಚಿನ ಮೇಲಿಟ್ಟು, ಕೈ ಹಿಂದೆಳೆದು, ಪೆಡಲ್ ಒತ್ತಿದಾಗ, ಕ್ಲಚ್ಚಿನ ಕೀಲು ಆ ಚಕ್ರಕ್ಕೆ ಸಿಕ್ಕಿಕೊಂಡು ಮೇಲಿನ ಪಂಚು ರಭಸದಿಂದ ಇಳಿಯುತ್ತದೆ. ಹಳೆಯ ಬಗೆಯ ಪ್ರೆಸ್ಸುಗಳಲ್ಲಿ ಒಮ್ಮೆ ಕೀಲು ಸಿಕ್ಕಿಕೊಂಡರೆ ಸುತ್ತು ಮುಗಿಯುವವರೆಗೆ ಅದನ್ನು ನಡುವೆ ನಿಲ್ಲಿಸಲಾಗದು. ಕೀಲು ಸವೆದಿದ್ದರೆ ಅಥವಾ ಸ್ಪ್ರಿಂಗು ಸೋತಿದ್ದರೆ, ಪೆಡಲ್ ಒತ್ತದೆಯೇ ಪಂಚು ಎರಡನೆಯ ಬಾರಿ ಇಳಿಯುತ್ತದೆ. ಸಿದ್ಧವಾದ ತುಂಡನ್ನು ತೆಗೆಯಲು ಆಗತಾನೆ ಒಳಚಾಚಿದ ಬೆರಳು ಅಲ್ಲಿರುತ್ತದೆ. ತಗಡಷ್ಟೇ ತೂರುವ ಕಿರುಸಂದಿನ ಗಾರ್ಡು, ಎರಡು ಕೈಗಳಿಂದ ಎರಡು ಗುಂಡಿ ಒತ್ತಿದರಷ್ಟೇ ಓಡುವ ಏರ್ಪಾಡು, ತುಂಡನ್ನು ಎತ್ತಲು ಇಕ್ಕಳ ಅಥವಾ ಆಯಸ್ಕಾಂತ, ಕೀಲಿನ ಕ್ರಮಬದ್ಧ ತಪಾಸಣೆ, ಇವು ದಶಕಗಳಿಂದ ತಿಳಿದಿರುವ ಉಪಾಯಗಳು, ದುಬಾರಿಯೂ ಅಲ್ಲ. ತುಂಡಿನ ಲೆಕ್ಕದಲ್ಲಿ ಕೂಲಿ ಇದ್ದಾಗ, ಗಂಟೆಗೆ ಇಷ್ಟು ತುಂಡು ಬರಲೇಬೇಕೆಂಬ ಒತ್ತಡದಲ್ಲಿ, ಗಾರ್ಡು ಮೊದಲು ಬಿಚ್ಚಿ ಬದಿಗಿಡುವ ವಸ್ತುವಾಗುತ್ತದೆ.

ಗೆರೆ ಹತ್ತಕ್ಕೆ ನಿಂತಾಗ ಒಂಬತ್ತು ಮಂದಿಯನ್ನಷ್ಟೇ ಹಾಜರಿ ಪುಸ್ತಕದಲ್ಲಿ ತೋರಿಸುವುದು, ಒಂದೇ ಕಟ್ಟಡವನ್ನು ಬೇರೆ ಬೇರೆ ಹೆಸರಿನ ಎರಡು ಮೂರು ಘಟಕಗಳಾಗಿ ಒಡೆಯುವುದು, ಗುತ್ತಿಗೆಯವರನ್ನು ಲೆಕ್ಕದಿಂದ ಬಿಡುವುದು ರೂಢಿಯಾಯಿತು. 1976ರ ತಿದ್ದುಪಡಿ ಗುತ್ತಿಗೆ ಕಾರ್ಮಿಕರನ್ನೂ ಎಣಿಕೆಗೆ ಸೇರಿಸಿದರೂ ಒಡೆದ ಘಟಕಗಳ ಸಮಸ್ಯೆ ಉಳಿಯಿತು. ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಮನೆಯೊಂದರಲ್ಲಿ ನಾಲ್ಕಾರು ವಿದ್ಯುತ್ ಮಗ್ಗಗಳಷ್ಟೇ ಇರುವುದರಿಂದ, ಸದ್ದಿಗೆ ಕಿವಿ ಮಂದವಾಗುವ, ಲಾಳಿ ಹಾರಿ ಬಡಿಯುವ ಅಪಾಯವಿದ್ದರೂ ಅವು ಎಣಿಕೆಗೆ ಸಿಗುವುದೇ ಇಲ್ಲ. 1961ರ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಕೆಲಸದ ಹೊತ್ತು, ರಜೆಗಳ ಬಗ್ಗೆ ಹೇಳುತ್ತದೆಯೇ ಹೊರತು ಯಂತ್ರದ ಕವಚದ ಕಸುಬು ಅದರದಲ್ಲ.

ಎಣಿಕೆಯನ್ನು ಬಿಟ್ಟು ನಡೆದ ಕಾನೂನುಗಳು

ಹಾಗೆಂದು ಸಣ್ಣ ಜಾಗಗಳನ್ನು ತಲುಪಲು ಕಾನೂನಿನಿಂದ ಸಾಧ್ಯವೇ ಇಲ್ಲವೆಂದಲ್ಲ. ಜನರನ್ನು ಎಣಿಸುವ ಬದಲು ಅಪಾಯವನ್ನೇ ಹಿಂಬಾಲಿಸಿದ ಕಾನೂನುಗಳ ಇನ್ನೊಂದು ಪರಂಪರೆಯೂ ಇದೆ. 1923ರ ಬಾಯ್ಲರ್ ಕಾಯಿದೆ ಬಾಯ್ಲರನ್ನು ಗುರುತಿಸಿದ್ದು ಅದು ಹಿಡಿಯುವ ನೀರಿನ ಪ್ರಮಾಣದಿಂದ. ಐದು ಗ್ಯಾಲನ್ ಮೀರಿದ, ಒತ್ತಡದಲ್ಲಿ ಉಗಿ ಹುಟ್ಟಿಸುವ ಮುಚ್ಚಿದ ಪಾತ್ರೆಯಾದರೆ ಅದರ ಸುತ್ತ ಎಷ್ಟು ಮಂದಿ ಇದ್ದರೂ ನೋಂದಣಿ, ತಪಾಸಣೆ, ಪ್ರಮಾಣಪತ್ರ ಬೇಕಿತ್ತು. ಹಾಗಾಗಿ ಕಾರ್ಖಾನೆಯೆನಿಸಿಕೊಳ್ಳದ ಕುಚ್ಚಲಕ್ಕಿ ಗಿರಣಿಯ ಬಾಗಿಲಿಗೂ ಬಾಯ್ಲರ್ ಇನ್‌ಸ್ಪೆಕ್ಟರ್ ಬರಬೇಕಾಯಿತು. 1983ರ ಅಪಾಯಕಾರಿ ಯಂತ್ರಗಳ ಕಾಯಿದೆ ಇದೇ ಜಾಡಿನದು. ಹಸಿರು ಕ್ರಾಂತಿಯ ನಂತರ ಒಕ್ಕಣೆ ಯಂತ್ರಗಳ ಬಾಯಿಗೆ ಸಿಕ್ಕಿ ಕೈ ಕಳೆದುಕೊಂಡ ಕೂಲಿಕಾರರ ಸಂಖ್ಯೆ ಏರಿದಾಗ, ಈ ಕಾಯಿದೆ ಯಂತ್ರ ತಯಾರಿಸುವವರಿಗೂ ಮಾರುವವರಿಗೂ ಪರವಾನಗಿ, ಸುರಕ್ಷತಾ ಮಾನದಂಡಗಳನ್ನು ವಿಧಿಸಿತು. ಲಕ್ಷಾಂತರ ಕಣಗಳನ್ನು ಕಾಯುವುದಕ್ಕಿಂತ ಕೆಲವು ನೂರು ತಯಾರಕರನ್ನು ಕಾಯುವುದು ಸುಲಭ ಎಂಬ ಸರಳ ತರ್ಕ ಅದರ ಹಿಂದಿದೆ.

ಮೂರನೆಯ ಉದಾಹರಣೆ ಕರಾವಳಿಗೆ ಸೇರಿದ್ದು. ಬೀಡಿ ಉದ್ಯಮದಲ್ಲಿ ಮಾಲೀಕ ಎಲೆ, ಹೊಗೆಸೊಪ್ಪುಗಳನ್ನು ಗುತ್ತಿಗೆದಾರನ ಮೂಲಕ ಮನೆಗಳಿಗೆ ಕೊಟ್ಟು ಸಿದ್ಧ ಬೀಡಿಯನ್ನು ಪಡೆಯುತ್ತಿದ್ದುದರಿಂದ, ಹೊಗೆಸೊಪ್ಪಿನ ಧೂಳನ್ನು ದಿನವಿಡೀ ಉಸಿರಾಡುವ ಹೆಂಗಸು ಯಾರ ಕಾರ್ಮಿಕಳೂ ಆಗಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದು ಒಪ್ಪಿ, ಗುತ್ತಿಗೆದಾರನ ಹಿಂದಿರುವ ಪ್ರಧಾನ ಮಾಲೀಕನಿಗೆ ಹೊಣೆ ಹೊರಿಸಿತು. ಇದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಕೆಲಸ ಎಲ್ಲಿ ನಡೆಯುತ್ತದೆ ಎಂಬುದಕ್ಕಿಂತ ಯಾರಿಗಾಗಿ ನಡೆಯುತ್ತದೆ ಎಂಬುದು ಇಲ್ಲಿ ಮುಖ್ಯವಾಯಿತು.

ಯಂತ್ರವೇ ಬದಲಾಗಿ ಕೆಲಸ ಹಗುರಾದ ಉದಾಹರಣೆ ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ನೂಲು ಬಿಚ್ಚುವ ಕಸುಬಿನಲ್ಲಿದೆ. ಚರಕದಲ್ಲಿ ಗೂಡು ಬೇಯಿಸುವುದೂ ನೂಲು ತೆಗೆಯುವುದೂ ಒಂದೇ ಪಾತ್ರೆಯಲ್ಲಿ ನಡೆಯುತ್ತಿದ್ದು, ಕುದಿಗೆ ಹತ್ತಿರವಾದ ನೀರಿನಿಂದ ಎಳೆಯ ತುದಿಯನ್ನು ಬೆರಳಿನಲ್ಲೇ ಹಿಡಿದೆತ್ತಬೇಕಿತ್ತು. ದಿನಗಟ್ಟಲೆ ಹೀಗೆ ದುಡಿದ ಅಂಗೈಗಳ ಚರ್ಮ ಬಿಳಿಚಿ, ಸುಲಿದು, ಹುಣ್ಣಾಗುತ್ತಿತ್ತು. ಒಲೆಯ ಹೊಗೆ ಮತ್ತು ಬೆಂದ ಹುಳುವಿನ ವಾಸನೆ ತುಂಬಿದ ಕೊಠಡಿಯಲ್ಲಿ ಉಸಿರಾಟದ ಕಾಯಿಲೆ ಸಾಮಾನ್ಯವಾಗಿತ್ತು. ಕಾಟೇಜ್ ಬೇಸಿನ್ ಬಂದಾಗ ಬೇಯಿಸುವ ಪಾತ್ರೆ ಬೇರೆಯಾಗಿ, ನೂಲು ತೆಗೆಯುವವರ ಮುಂದಿನ ನೀರು ಕೈ ತಾಳುವಷ್ಟು ಬಿಸಿಗೆ ಇಳಿಯಿತು. ಮುಂದೆ ಬಂದ ಮಲ್ಟಿಎಂಡ್ ಮತ್ತು ಸ್ವಯಂಚಾಲಿತ ಯಂತ್ರಗಳು ಕೈಯ ಕೆಲಸವನ್ನು ಇನ್ನಷ್ಟು ಕಡಿಮೆ ಮಾಡಿದವು. ಈ ಸುಧಾರಣೆ ಬಂದದ್ದು ನೂಲಿನ ಗುಣಮಟ್ಟ ಹೆಚ್ಚಲೆಂದು. ಆದರೂ ಗುಣಮಟ್ಟಕ್ಕೂ ಕಾರ್ಮಿಕನ ಆರೋಗ್ಯಕ್ಕೂ ಒಂದೇ ಬದಲಾವಣೆ ಒದಗಬಲ್ಲದೆಂದು ಅದು ತೋರಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿ ಸಣ್ಣ ಉದ್ದಿಮೆಗಳಿಗಾಗಿ ಪ್ರಕಟಿಸಿದ ಕೈಪಿಡಿಯ ನಿಲುವೂ ಇದೇ: ಕಡಿಮೆ ಖರ್ಚಿನ, ಸ್ಥಳದಲ್ಲೇ ಮಾಡಬಹುದಾದ, ಉತ್ಪಾದನೆಯನ್ನೂ ಹೆಚ್ಚಿಸುವ ಸುಧಾರಣೆಗಳಿಂದ ಆರಂಭಿಸಬೇಕು.

ಭೋಪಾಲದ ನಂತರ

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಮೇಲೆ, 1987ರ ತಿದ್ದುಪಡಿ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಹೊಸ ಅಧ್ಯಾಯವನ್ನೇ ಸೇರಿಸಿತು. ಮಾಲೀಕನ ಸಾಮಾನ್ಯ ಕರ್ತವ್ಯ, ಅಪಾಯದ ಮಾಹಿತಿ ಬಹಿರಂಗಪಡಿಸುವ ಹೊಣೆ, ಕಾರ್ಮಿಕರೂ ಇರುವ ಸುರಕ್ಷತಾ ಸಮಿತಿ, ಸನ್ನಿಹಿತ ಅಪಾಯವನ್ನು ಎತ್ತಿ ಹೇಳುವ ಕಾರ್ಮಿಕರ ಹಕ್ಕು, ಇವು ಅದರ ಕೊಡುಗೆಗಳು. ಆದರೆ ಮಹಾ ದುರಂತದ ನೆರಳಿನಲ್ಲಿ ರೂಪುಗೊಂಡ ಈ ವಿಧಿಗಳ ದೃಷ್ಟಿ ಸಹಜವಾಗಿಯೇ ದೊಡ್ಡ ಸ್ಥಾವರದ ಮೇಲಿತ್ತು. ಒಂದು ಬಾರಿಗೆ ಒಂದು ಬೆರಳು, ಒಂದು ಕಣ್ಣು, ಒಂದು ಶ್ವಾಸಕೋಶದಂತೆ ಸಾವಿರಾರು ಶೆಡ್ಡುಗಳಲ್ಲಿ ನಡೆಯುವ ನಷ್ಟಕ್ಕೆ ಅಂಥ ಗಮನ ಸಿಗಲಿಲ್ಲ. ಕಲ್ನಾರಿನ ಧೂಳಿನ ಪ್ರಕರಣದಲ್ಲಿ 1995ರ ಜನವರಿ 27ರಂದು ತೀರ್ಪಿತ್ತ ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯ ಬದುಕುವ ಹಕ್ಕಿನ ಭಾಗವೆಂದು ಸಾರಿ, ಕಾಯಿದೆಯ ಹೊರಗುಳಿದ ಸಣ್ಣ ಘಟಕಗಳನ್ನೂ ಒಳತರುವುದನ್ನು ಪರಿಗಣಿಸುವಂತೆ ಸರ್ಕಾರಗಳಿಗೆ ನಿರ್ದೇಶಿಸಿದ್ದು ಈ ಕೊರತೆಯನ್ನು ಗುರುತಿಸಿದ ಮಹತ್ವದ ಕ್ಷಣ.

ಆದರೂ ಮುಂದಿನ ಹೆಜ್ಜೆ ಎದುರು ದಿಕ್ಕಿಗೆ ಬಿತ್ತು. ರಾಜಸ್ಥಾನ 2014ರಲ್ಲಿ ತನ್ನ ರಾಜ್ಯದ ಮಟ್ಟಿಗೆ ಗೆರೆಯನ್ನು ಯಂತ್ರಶಕ್ತಿ ಇದ್ದರೆ 20ಕ್ಕೆ, ಇಲ್ಲದಿದ್ದರೆ 40ಕ್ಕೆ ಏರಿಸಿತು. ಹದಿಮೂರು ಕಾಯಿದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅದೇ ಅಂಕಿಗಳನ್ನು ದೇಶಕ್ಕೆಲ್ಲ ಅನ್ವಯಿಸಿ, 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಸಣ್ಣ ಉದ್ದಿಮೆಗಳ ಮೇಲಿನ ಕಾಗದಪತ್ರಗಳ ಹೊರೆ ಇಳಿಸುವುದು ಇದರ ಉದ್ದೇಶ. ಆ ಹೊರೆ ನಿಜವಾದದ್ದೇ. ನಾಲ್ಕಾರು ರಿಜಿಸ್ಟರುಗಳನ್ನು ತುಂಬುವ ಗುಮಾಸ್ತನನ್ನು ಇಟ್ಟುಕೊಳ್ಳುವ ಶಕ್ತಿ ಹದಿನೈದು ಮಂದಿಯ ಘಟಕಕ್ಕಿಲ್ಲ. ಸಂಹಿತೆ ಹತ್ತು ಮಂದಿಯ ಸಂಸ್ಥೆಗಳಿಗೂ ಸಾಮಾನ್ಯ ಕರ್ತವ್ಯಗಳನ್ನು ಉಳಿಸಿಕೊಂಡಿದೆ. ಪ್ರಾಣಾಪಾಯದ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕಡೆ ಎಣಿಕೆಯನ್ನೇ ಬಿಟ್ಟುಬಿಡಲು ಅವಕಾಶ ಕೊಟ್ಟಿದೆ. 1891ರ, 1922ರ, 1948ರ ಕಾಯಿದೆಗಳೂ ಇಂಥ ಅವಕಾಶಗಳನ್ನು ಸರ್ಕಾರಗಳ ಕೈಗೆ ಕೊಟ್ಟಿದ್ದವು. ಅವಕಾಶವಿರುವುದಕ್ಕೂ ಅದನ್ನು ಬಳಸುವುದಕ್ಕೂ ನಡುವಿನ ಅಂತರವೇ ಈ ಇತಿಹಾಸದ ಬಹುಭಾಗ.

ಕಾಗದದ ಹೊರೆಯನ್ನು ಇಳಿಸುವುದು ಬೇರೆ, ಯಂತ್ರದ ಗಾರ್ಡನ್ನು ಇಳಿಸುವುದು ಬೇರೆ. ಮೊದಲನೆಯದಕ್ಕೆ ತಲೆಯೆಣಿಕೆ ನ್ಯಾಯವಾದ ಅಳತೆ. ಎರಡನೆಯದಕ್ಕೆ ಅದು ಎಂದೂ ಅಳತೆಯಾಗಿರಲಿಲ್ಲ, ಪರಿವೀಕ್ಷಕರ ಕೊರತೆಯಿಂದ ಹುಟ್ಟಿದ ಆಡಳಿತದ ಅನುಕೂಲವಾಗಿತ್ತು. ಬಾಯ್ಲರ್ ಕಾಯಿದೆ ಉಪಕರಣವನ್ನು, ಒಕ್ಕಣೆ ಯಂತ್ರದ ಕಾಯಿದೆ ತಯಾರಕನನ್ನು, ಬೀಡಿ ಕಾಯಿದೆ ಪ್ರಧಾನ ಮಾಲೀಕನನ್ನು ಹಿಡಿದಂತೆ, ಗಾರ್ಡಿಲ್ಲದ ಪವರ್ ಪ್ರೆಸ್ಸು ಮಾರಾಟಕ್ಕೇ ಬರದಂತೆ ತಡೆಯಬಹುದು, ಬಿಡಿಭಾಗ ಕೊಳ್ಳುವ ದೊಡ್ಡ ಕಾರ್ಖಾನೆಯನ್ನು ಅದು ತಯಾರಾದ ಶೆಡ್ಡಿನ ಸುರಕ್ಷತೆಗೂ ಹೊಣೆ ಮಾಡಬಹುದು, ಅಪಘಾತ ಕಡಿಮೆ ಮಾಡಿದವನಿಗೆ ವಿಮೆಯ ವಂತಿಗೆಯನ್ನು ಇಳಿಸಬಹುದು. ಇವುಗಳಲ್ಲಿ ಒಂದಕ್ಕೂ ಶೆಡ್ಡಿನೊಳಗೆ ಎಷ್ಟು ಮಂದಿ ಇದ್ದಾರೆಂದು ಕೇಳಬೇಕಾಗಿಲ್ಲ. ಸಣ್ಣ ಕಾರ್ಖಾನೆಗೆ ಸರಳವಾದ, ಆದರೆ ತಪ್ಪದೆ ಜಾರಿಯಾಗುವ ಕಾನೂನು ಬೇಕೆಂದು ವಿಟ್ಲಿ ಆಯೋಗ 1931ರಲ್ಲೇ ಹೇಳಿದ ಮಾತನ್ನು ದೇಶ ಇನ್ನೂ ಪೂರ್ತಿಯಾಗಿ ನಡೆಸಿಕೊಟ್ಟಿಲ್ಲ. ಹೊಸ ಸಂಹಿತೆಯ ಕೆಳಗೆ ರೂಪುಗೊಳ್ಳುವ ನಿಯಮಗಳಲ್ಲಿ ಅದನ್ನು ನಡೆಸಿಕೊಡುವುದು, ಹತ್ತೊಂಬತ್ತು ಮಂದಿಯ ಘಟಕದ ಕಾರ್ಮಿಕನಿಗೂ ಒಂಬತ್ತು ಮಂದಿಯ ಘಟಕದ ಕಾರ್ಮಿಕನಿಗೂ ಸಲ್ಲಬೇಕಾದ ಬಾಕಿ.